ಅಟ್ಟದ ಕಾಯಿ ಇಳಿಯುವ ಮುಂಚೆ

ಶೆಟ್ಟಿಕೆರೆ
12 ಆಗಸ್ಟ್ 2024

ವನಜಾ,

ಭಾನುವಾರ ನಿಮ್ಮ ಓಟದ ಹಾಸ್ಟೆಲಿನವರು ನಿನ್ನ ಕೈಗೆ ಫೋನು ಕೊಡುವುದು ಹತ್ತು ನಿಮಿಷ. ಅದರಲ್ಲಿ ಎಂಟು ನಿಮಿಷ ನಿಮ್ಮಪ್ಪ ಮಾತಾಡುತ್ತಾನೆ, ಒಂದು ನಿಮಿಷ ನಿಮ್ಮಮ್ಮ ಅಳುತ್ತಾಳೆ. ಉಳಿದ ಒಂದು ನಿಮಿಷ ನನ್ನ ಕಿವಿಗಿಟ್ಟರೆ ಬರೀ ಗೊರಗೊರ ಸದ್ದು. ಅದಕ್ಕೇ ಕಾಗದ. ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದರು, ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಹೊಂದಿಸಿಕೊಂಡು ಓದು. ನಗಬೇಡ.

ನೀನು ಬೆಂಗಳೂರಿನ ಬಸ್ಸು ಹತ್ತಿದ ದಿನವೇ ಅಟ್ಟಕ್ಕೆ ಕಾಯಿ ತುಂಬಿದೆವು. ಸಂಜೆ ನಿಮ್ಮಪ್ಪ ಮುಖ ಗಂಟು ಹಾಕಿಕೊಂಡು ಕೂತಿದ್ದ. "ಓಡಿ ಓಡಿ ಎಲ್ಲಿಗೆ ಹೋಗ್ತಾಳವ್ವ? ತಿಪಟೂರಲ್ಲಿ ಡಿಗ್ರಿಗಾದ್ರೂ ಸೇರಿಸಿದ್ರೆ ಮೂರು ವರ್ಷಕ್ಕೆ ಮುಗೀತಿತ್ತು" ಅಂದ. ನನಗೆ ಸಿಟ್ಟು ಬಂತು. "ಲೋ ಸೀನ, ಈ ಅಟ್ಟದ ಕಾಯಿ ಕೊಬ್ಬರಿಯಾಗಿ ಇಳಿಯೋ ಹೊತ್ಗೆ ಅವಳ ಕೊರಳಲ್ಲಿ ಪದಕ ಇರ್ತದೆ. ಇಲ್ದಿದ್ರೆ ನಾನೇ ಹೋಗಿ ಕರ್ಕೊಂಡು ಬತ್ತೀನಿ, ನೀನು ಯಾವ ಕಾಲೇಜಿಗಾದ್ರೂ ಹಾಕ್ಕೊ" ಅಂದುಬಿಟ್ಟೆ. ಅವನು ಒಪ್ಪಿದ. ಕಾಯಿಯೊಳಗಿನ ನೀರು ಒಣಗಿ ಕೊಬ್ಬರಿ ಉಂಡೆಯಾಗಲು ಹನ್ನೊಂದು ತಿಂಗಳು. ಜುಲೈ ಅಂತ ಇಟ್ಟುಕೋ. ನನ್ನ ಮಾತು ಉಳಿಸು.

ಕಾಯಿ ಏರಿಸುವಾಗ ನಿಮ್ಮಮ್ಮ ಏಣಿಯ ಮೇಲೆ ಕಾಲಿಟ್ಟಳು. ಗದರಿ ಇಳಿಸಿದೆ. ನಾನು ಆ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ನಮ್ಮ ಮನೆಯ ಹೆಂಗಸರು ಯಾರೂ ಅಟ್ಟ ಹತ್ತಬಾರದು ಅಂತ ನಮ್ಮತ್ತೆ ಕಟ್ಟಳೆ ಹಾಕಿದರು. ದಿನಾ ನನ್ನ ಕುಂಟು ಕಾಲು ನೋಡಿಯೂ ಶಾಂತಕುಮಾರಿಗೆ ಬುದ್ಧಿ ಬೇಡವೇ?

ನಿನಗೆ ಓಟದ ಹುಚ್ಚು ಹತ್ತಿಸಿದ ಶಿವರಾಜು ಮೇಷ್ಟ್ರು ಮುಂದಿನ ವಾರ ಆ ಕಡೆ ಬರುತ್ತಾರಂತೆ. ರಾಗಿ ಹುರಿಹಿಟ್ಟು, ಬೆಲ್ಲ, ಎಂಟು ಉಂಡೆ ಕೊಬ್ಬರಿ ಕಳಿಸುತ್ತೇನೆ. ತಿನ್ನು.

ನಿನ್ನಜ್ಜಿ
ಹುಚ್ಚಕ್ಕ


ಬೆಂಗಳೂರು
2 ಸೆಪ್ಟೆಂಬರ್ 2024

ಅಜ್ಜಿ,

ನಿನ್ನ ಕಾಗದವನ್ನು ರೂಮಿನವರಿಗೆಲ್ಲ ಓದಿ ಹೇಳಿದೆ. ಮೂವರಿಗೂ ನಿನ್ನಂಥ ಅಜ್ಜಿ ಬೇಕಂತೆ. ಒಂದು ವಾರ ಇಟ್ಟುಕೊಂಡು ನೋಡಿ, ಆಮೇಲೆ ಹೇಳಿ ಅಂದೆ.

ಇಲ್ಲಿ ಓಡುವುದಕ್ಕಿಂತ ಅಳೆಯುವುದೇ ಹೆಚ್ಚು. ಬೆಳಿಗ್ಗೆ ಎದ್ದ ಕೂಡಲೇ ನಾಡಿ, ಆಮೇಲೆ ತೂಕ. ಓಟದ ನಡುವೆ ನಿಲ್ಲಿಸಿ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. ಮೈ ಎಷ್ಟು ದಣಿದಿದೆ ಅಂತ ಆ ಹನಿ ಹೇಳುತ್ತದಂತೆ. ಕೈಗೆ ಕಟ್ಟಿದ ವಾಚು ನಾನು ಎಷ್ಟು ಹೊತ್ತು ನಿದ್ದೆ ಮಾಡಿದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತದೆ. ಜೀವಿತಾ ಅಂತ ಡಾಕ್ಟರ್ ಮೇಡಂ ಇದ್ದಾರೆ, ಹುಡುಗಿಯರಿಗೆಲ್ಲ ಒಂದು ಪಟ್ಟಿ ಕೊಟ್ಟಿದ್ದಾರೆ. ಊಟ, ನಿದ್ದೆ, ನೋವು, ತಿಂಗಳ ದಿನ ಎಲ್ಲ ಅದರಲ್ಲಿ ತುಂಬಬೇಕು. ನನಗೆ ನಾಚಿಕೆ.

ಸಾವಿರದ ಐನೂರು ಮೀಟರನ್ನು ನಾಲ್ಕು ನಿಮಿಷ ನಲವತ್ತೊಂದು ಸೆಕೆಂಡಿಗೆ ಓಡಿದೆ. ಇನ್ನು ಎರಡು ಕೆಜಿ ಇಳಿದರೆ ಗಾಳಿಯ ಹಾಗೆ ಹೋಗ್ತೀಯ ಅಂತ ಕೋಚ್ ಬಸವರಾಜಪ್ಪ ಸರ್ ಹೇಳಿದ್ದಾರೆ.

ಹುರಿಹಿಟ್ಟು ತಲುಪಿತು, ಖಾಲಿಯೂ ಆಯಿತು! ಜುಲೈ ನೆನಪಿದೆ.

ನಿನ್ನ
ವನಜಾಕ್ಷಿ


ಶೆಟ್ಟಿಕೆರೆ
20 ಸೆಪ್ಟೆಂಬರ್ 2024

ವನಜಾ,

ಓಡುವ ಹುಡುಗಿಯನ್ನು ನಿಲ್ಲಿಸಿ ರಕ್ತ ತೆಗೆಯುತ್ತಾರೆ ಅಂದರೆ ಅದು ಎಂಥ ಕಲಿಕೆಯೋ. ದಣಿದಿದ್ದೀಯಾ ಅಂತ ಬಾಯಲ್ಲಿ ಕೇಳಿದರೆ ಹೇಳುವುದಿಲ್ಲವೇ? ನಿನ್ನ ತಿಂಗಳ ದಿನ ಆ ಡಾಕ್ಟರಮ್ಮನಿಗೆ ಯಾಕೆ? ಅದನ್ನು ಕಟ್ಟಿಕೊಂಡು ಅವಳೇನು ಮಾಡುತ್ತಾಳೆ?

ಎರಡು ವಾರಕ್ಕೆ ಮೂರು ಸೇರು ಹಿಟ್ಟು ಖಾಲಿ ಮಾಡಿದೆಯಲ್ಲ, ಭೇಷ್. ಊರೆಲ್ಲ ಹೇಳಿಕೊಂಡು ಬಂದೆ. ಅಲ್ಲಿ ಊಟ ಸಾಲುತ್ತಿಲ್ಲ ಅಂತ ಕಾಣುತ್ತದೆ, ಅಡುಗೆಯವರು ಕದಿಯುತ್ತಾರೋ ಏನೋ. ಈ ಸಲ ಐದು ಸೇರು ಹುರಿದಿದ್ದೇನೆ.

ಹುಚ್ಚಕ್ಕ


ಬೆಂಗಳೂರು
18 ನವೆಂಬರ್ 2024

ಅಜ್ಜಿ,

ಬರೆಯಲು ತಡವಾಯಿತು. ಸುದ್ದಿ ಒಳ್ಳೆಯದು. ನಾಲ್ಕು ಮೂವತ್ತನಾಲ್ಕು! ಏಳು ಸೆಕೆಂಡು ಇಳಿಸಿದ್ದೇನೆ. ಜೂನಿನಲ್ಲಿ ರಾಜ್ಯ ಕೂಟ ಇದೆ. ಹೀಗೇ ಹೋದರೆ ಅಟ್ಟ ಇಳಿಯುವ ಮುಂಚೆಯೇ ನಿನಗೆ ಪದಕ.

ನಿನಗೊಬ್ಬಳಿಗೇ ಒಂದು ಮಾತು, ಅಪ್ಪನ ಮುಂದೆ ಓದಬೇಡ. ಮೂರು ತಿಂಗಳಿಂದ ಆ ತಿಂಗಳ ಕಾಟವೇ ನಿಂತಿದೆ. ತರಬೇತಿ ಮೈಗೆ ಹತ್ತಿದ ಗುರುತು ಅದು, ಖುಷಿಪಡು ಅಂತ ಸೀನಿಯರ್ ಅಕ್ಕ ಹೇಳಿದಳು. ನಿಜ ಹೇಳಬೇಕೆಂದರೆ ಆರಾಮಾಗಿದೆ. ಸರಿ ತಾನೆ ಅಜ್ಜಿ?

ವನಜಾಕ್ಷಿ


ಶೆಟ್ಟಿಕೆರೆ
2 ಡಿಸೆಂಬರ್ 2024

ವನಜಾ,

ಸರಿ ಕಣೇ. ಅದಕ್ಕೇನು ಹೆದರಿಕೆ? ನಾನು ಗಂಡಸರ ಸಮಕ್ಕೆ ಕಾಯಿ ಸುಲಿಯುತ್ತಿದ್ದ ಕಾಲದಲ್ಲಿ ನನಗೂ ಎರಡು ವರ್ಷ ನಿಂತಿತ್ತು. ದುಡಿಯುವ ಮೈಗೆ ಹಾಗಾಗುತ್ತದೆ. ನಾನೂ ಪೀಡೆ ಹೋಯ್ತು ಅಂತಲೇ ಇದ್ದೆ. ಆ ಪಟ್ಟಿಯವಳ ಮುಂದೆ ಬಾಯಿ ಬಿಡಬೇಡ, ಇಲ್ಲದ್ದು ಮಾಡಿ ನಿನ್ನ ಓಟ ನಿಲ್ಲಿಸಿಬಿಟ್ಟಾಳು.

ಏಳು ಸೆಕೆಂಡು ಅಂದರೆ ಎಷ್ಟು ಅಂತ ಮೇಷ್ಟ್ರನ್ನು ಕೇಳಿದೆ. "ನಿಮ್ಮನೆ ಬಾಗಿಲಿಂದ ಕೊಟ್ಟಿಗೆವರೆಗಿನ ದೂರ ಕಣಜ್ಜಿ" ಅಂದರು. ಅಷ್ಟು ಮುಂದೆ ಹೋದೆಯಾ! ಕಾಯಿಯೂ ಅಟ್ಟದ ಮೇಲೆ ಒಣಗುತ್ತಿದೆ. ಓಡು.

ಹುಚ್ಚಕ್ಕ


ಶೆಟ್ಟಿಕೆರೆ
20 ಜನವರಿ 2025

ವನಜಾ,

ಸಂಕ್ರಾಂತಿಗೆ ಬರುತ್ತೇನೆ ಅಂದವಳು ಬರಲಿಲ್ಲ. ಎಳ್ಳುಬೆಲ್ಲ ಹಾಗೇ ಇದೆ. ಎರಡು ಸಾಲಾದರೂ ಗೀಚು.

ಹುಚ್ಚಕ್ಕ


ಶೆಟ್ಟಿಕೆರೆ
3 ಫೆಬ್ರವರಿ 2025

ಏನೇ ನಿನ್ನ ಕಥೆ?

ಭಾನುವಾರ ಎಲ್ಲ ಚೆನ್ನಾಗಿದೆ ಅಂತ ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳಿದೆಯಂತೆ. ಅದೇ ಸಂಜೆ ಶಿವರಾಜು ಮೇಷ್ಟ್ರು ನಿಮ್ಮ ಹಾಸ್ಟೆಲಿಗೆ ಹೋಗಿದ್ದವರು ನಮ್ಮ ಜಗಲಿಗೆ ಬಂದರು. ನೀನು ಮೆಟ್ಟಿಲ ಕಂಬಿ ಹಿಡಿದುಕೊಂಡು ಒಂದೊಂದೇ ಕಾಲಿಟ್ಟು ಇಳಿಯುತ್ತಿದ್ದೆಯಂತೆ. "ಮುಖ ಅಂಗೈಯಷ್ಟಾಗಿದೆ ಅಜ್ಜಿ" ಅಂದರು. ನಾನು ಕಳಿಸಿದ ಐದು ಸೇರು ಹಿಟ್ಟು ಎಲ್ಲಿಗೆ ಹೋಯಿತು? ಈ ಕಾಗದಕ್ಕೂ ಉತ್ತರ ಬರದಿದ್ದರೆ ನಾನೇ ಬಸ್ಸು ಹತ್ತುತ್ತೇನೆ. ನಿಮ್ಮ ಕೋಚಿಗೂ ಹೇಳಿಡು.

ಹುಚ್ಚಕ್ಕ


ಬೆಂಗಳೂರು
16 ಫೆಬ್ರವರಿ 2025

ಅಜ್ಜಿ,

ಬೈದರೂ ಪರವಾಗಿಲ್ಲ, ಪೂರ್ತಿ ಓದು.

ನನ್ನ ಬಲ ಮೊಣಕಾಲಿನ ಕೆಳಗೆ ಮೂಳೆ ಬಿರುಕು ಬಿಟ್ಟಿದೆ. ನಾನು ಬೀಳಲಿಲ್ಲ, ಎಡವಲೂ ಇಲ್ಲ. ನವೆಂಬರಿನಿಂದಲೇ ಸಣ್ಣಗೆ ನೋಯುತ್ತಿತ್ತು. ಯಾರಿಗೂ ಹೇಳದೆ ಓಡಿದೆ. ಜನವರಿ ಕೊನೆಗೆ ನಡೆಯಲೂ ಆಗಲಿಲ್ಲ. ಬೀಳದೆ ಮೂಳೆ ಮುರಿಯುತ್ತದೆ ಅಂದರೆ ನನಗೇ ನಂಬಿಕೆ ಬರಲಿಲ್ಲ.

ಜೀವಿತಾ ಮೇಡಂ ನನ್ನ ಪಟ್ಟಿ ಮುಂದಿಟ್ಟುಕೊಂಡು ಕೂರಿಸಿದರು. ತಿಂಗಳ ದಿನದ ಕಡೆ ನಾನು ಸುಳ್ಳು ತಾರೀಕು ತುಂಬಿದ್ದೆ. ಸರಿಯಾಗಿ ಇಪ್ಪತ್ತೆಂಟು ದಿನಕ್ಕೊಂದು. "ಯಾವ ಹುಡುಗಿಗೂ ಇಷ್ಟು ಅಚ್ಚುಕಟ್ಟಾಗಿ ಆಗಲ್ಲ ಕಣಮ್ಮ" ಅಂದರು. ಅತ್ತುಬಿಟ್ಟೆ.

ಅವರು ಹೇಳಿದ್ದು ಇಷ್ಟು: "ಮೈ ಅಂದ್ರೆ ಒಂದು ಮನೆ. ಅಡುಗೆ ಕಡಿಮೆಯಾದ ದಿನ ಮನೇಲಿ ಯಾರಿಗೆ ಊಟ ತಪ್ಪುತ್ತೆ, ಹೇಳು? ಓಟ ಗಂಡಸಿದ್ದ ಹಾಗೆ, ಮೊದಲ ಪಂಕ್ತೀಲೇ ಕೂತು ಉಣ್ಣುತ್ತೆ. ಗರ್ಭಕೋಶಕ್ಕೆ, ಮೂಳೆಗೆ ಮಿಕ್ಕಿದ್ದು. ಮಿಗದೇ ಹೋದ್ರೆ ಅವು ಸುಮ್ಮನೆ ಉಪವಾಸ ಮಲಗುತ್ತವೆ. ಮುಟ್ಟು ನಿಂತಿದ್ದು ತರಬೇತಿ ಹತ್ತಿದ ಗುರುತಲ್ಲ, ಒಳಗೆ ಊಟ ಮುಗಿದಿದೆ ಅಂತ ಕೂಗು."

ನಿನ್ನ ಹುರಿಹಿಟ್ಟನ್ನು ನಾನು ತಿನ್ನಲಿಲ್ಲ ಅಜ್ಜಿ. ಮೊದಲಿಂದಲೂ. ರೂಮಿನವರಿಗೆ ಹಂಚಿದೆ. ತೂಕ ಇಳಿಯಬೇಕಿತ್ತು, ಜುಲೈ ಬರುತ್ತಿತ್ತು. ಭಯವಾದಾಗಲೆಲ್ಲ ನಿನ್ನ ಡಿಸೆಂಬರಿನ ಕಾಗದ ತೆಗೆದು ಓದುತ್ತಿದ್ದೆ. ಅಜ್ಜಿಗೂ ನಿಂತಿತ್ತು, ಅಜ್ಜಿಗೆ ಏನೂ ಆಗಲಿಲ್ಲ ಅಂತ ಧೈರ್ಯ ತಂದುಕೊಳ್ಳುತ್ತಿದ್ದೆ.

ಮೂರು ತಿಂಗಳು ಓಡುವಂತಿಲ್ಲ. ಜೂನಿನ ಕೂಟ ಇಲ್ಲ. ಹಾಸ್ಟೆಲಿನಲ್ಲಿ ನನ್ನ ಜಾಗ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಮೇಡಂ ಜಗಳ ಆಡಿದ್ದಾರೆ. ಆದರೆ ನೀನು ಅಪ್ಪನಿಗೆ ಕೊಟ್ಟ ಮಾತು ಉಳಿಯಲ್ಲ. ಜುಲೈನಲ್ಲಿ ಕರೆದುಕೊಂಡು ಹೋಗಲು ಬರುತ್ತೀಯಾ?

ವನಜಾಕ್ಷಿ


ಶೆಟ್ಟಿಕೆರೆ
24 ಫೆಬ್ರವರಿ 2025

ವನಜಾ,

ನಿನ್ನ ಕಾಗದ ಬಂದ ದಿನ ಬೈದು ಒಂದು ಬರೆದೆ. ಹರಿದೆ. ಮಾರನೇ ದಿನ ಇನ್ನೊಂದು ಬರೆದೆ, ಅದನ್ನೂ ಒಲೆಗೆ ಹಾಕಿದೆ. ಇದು ಮೂರನೆಯದು. ಇದರಲ್ಲಿ ಬೈಗುಳ ಇದ್ದರೆ ಅದು ನನಗೆ.

ನಾನು ಏಣಿಯಿಂದ ಬೀಳಲಿಲ್ಲ.

ನನಗೆ ಆಗ ಇಪ್ಪತ್ತೆಂಟು. ತಿಪಟೂರಿನ ಸಂತೆ ಮೈದಾನದಲ್ಲಿ ಕಾಯಿ ಸುಲಿಯುವ ಪಂದ್ಯ ಇಟ್ಟಿದ್ದರು. ಒಂದು ಗಂಟೆಯಲ್ಲಿ ಯಾರು ಹೆಚ್ಚು ಸುಲಿಯುತ್ತಾರೋ ಅವರು ಗೆದ್ದ ಹಾಗೆ. ಗಂಡಸರ ಕೆಲಸ ಅದು, ಗೊತ್ತಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ ತಿರುವಬೇಕು. ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಮೂರು ತಿರುವಿಗೆ ನಾನು ಮಟ್ಟೆ ಬಿಡಿಸುತ್ತಿದ್ದೆ. ನಮ್ಮ ಸುತ್ತಮುತ್ತ ಯಾವ ಗಂಡಸಿಗೂ ನಾಲ್ಕಕ್ಕೆ ಕಡಿಮೆ ಆಗುತ್ತಿರಲಿಲ್ಲ. ನಿಮ್ಮ ತಾತ ಹೋಗಿ ನನ್ನ ಹೆಸರು ಕೊಟ್ಟು ಬಂದರು. "ಹೆಂಗಸಾ?" ಅಂತ ನಕ್ಕರಂತೆ. "ಬಂದ್ಮೇಲೆ ನೋಡಿ ಕಣ್ರೀ" ಅಂದು ಬಂದಿದ್ದರು.

ಎರಡು ತಿಂಗಳು ಹಿತ್ತಿಲಲ್ಲಿ ಸುಲಿದೆ. ಬೆಳಿಗ್ಗೆ ಕೂಲಿಗೆ, ಸಂಜೆ ಪಂದ್ಯಕ್ಕೆ. ನಮ್ಮ ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡ ಮೇಲೆ ನನ್ನ ಪಾಲು. ಎಷ್ಟೋ ದಿನ ಮಡಕೆ ಕೆರೆದು ಅರ್ಧ ಮುದ್ದೆ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಪಂದ್ಯದ ಹಿಂದಿನ ಸಂಜೆ ಯಾರೂ ಇಲ್ಲದ ಹೊತ್ತು, ಗೂಟದ ಮುಂದೆ ನಿಂತಿದ್ದೆ. ಕಾಯಿ ತಿರುವಿದೆ. ಕಾಲಿನೊಳಗೆ ಸೌದೆ ಸೀಳಿದ ಹಾಗೆ ಟಕ್ ಅಂತು. ನಿಂತಲ್ಲೇ ಮುರಿಯಿತು ವನಜಾ. ನಿಂತಲ್ಲೇ.

ಬೀಳದೆ ಕಾಲು ಮುರಿಯಿತು ಅಂದರೆ ಯಾರು ನಂಬುತ್ತಾರೆ? ಗಂಡಸರ ಗೂಟಕ್ಕೆ ಕೈ ಹಾಕಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅನ್ನುತ್ತಾರೆ. ಅದು ನನಗೆ ಮೂಳೆಗಿಂತ ಹೆಚ್ಚು ನೋವು. ತೆವಳಿಕೊಂಡು ಅಟ್ಟದ ಏಣಿಯ ಬುಡಕ್ಕೆ ಹೋಗಿ ಮಲಗಿ, ಆಮೇಲೆ ಕೂಗಿದೆ.

ಮಾರನೇ ದಿನ ಮೈದಾನದಲ್ಲಿ ನನ್ನ ಹೆಸರನ್ನು ಮೂರು ಸಲ ಕರೆದರಂತೆ. "ಹೆಂಗ್ಸು ತಾನೆ, ಹೆದರ್ಕೊಂಡ್ಲು ಬುಡು" ಅಂತ ಯಾರೋ ಅಂದದ್ದನ್ನು ಪಕ್ಕದ ಮನೆಯ ಶ್ರೀರಂಗಯ್ಯ ಬಂದು ಹೇಳಿದ. ಅತ್ತೆ ಏಣಿಯ ಕಟ್ಟಳೆ ಹಾಕಿದರು. ಅವರು ಸತ್ತು ಹದಿನೆಂಟು ವರ್ಷವಾದರೂ ಆ ಕಟ್ಟಳೆಯನ್ನು ಕಾದವಳು ನಾನೇ. ನನ್ನ ಸುಳ್ಳಿಗೆ ನಾನೇ ಕಾವಲು ಕೂತೆ. ನಿಮ್ಮಮ್ಮನನ್ನು ಗದರಿದ್ದೂ ಅದೇ ಸುಳ್ಳು.

ಮೂವತ್ತೆಂಟು ವರ್ಷ ಇದು ಯಾಕಾಯಿತು ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದದಲ್ಲಿ ಆ ಡಾಕ್ಟರಮ್ಮನ ಮಾತು ಓದುವಾಗ ಗೊತ್ತಾಯಿತು. ಅವಳು ಹೇಳಿದ ಮನೆ ನಮ್ಮದೇ. ಕೊನೆಗೆ ಉಣ್ಣುತ್ತಿದ್ದವಳು ನಾನೇ.

ಡಿಸೆಂಬರಿನಲ್ಲಿ ನಿನಗೆ ಅರ್ಧ ಕಥೆ ಬರೆದು ಧೈರ್ಯ ಹೇಳಿದೆ. ಉಳಿದರ್ಧ ಬರೆದಿದ್ದರೆ ನಿನ್ನ ಕಾಲು ಉಳಿಯುತ್ತಿತ್ತು. ತಪ್ಪಾಯಿತು. ಈ ಮಾತನ್ನು ನಾನು ಬಾಯಲ್ಲಿ ಯಾರಿಗೂ ಹೇಳಿದವಳಲ್ಲ.

ಡಾಕ್ಟರಮ್ಮನಿಗೆ ಎಲ್ಲ ಹೇಳು. ನನ್ನದನ್ನೂ ಹೇಳು. ತಿನ್ನು. ಜುಲೈ ವಿಷಯ ನನಗೆ ಬಿಡು.

ಹುಚ್ಚಕ್ಕ


ಬೆಂಗಳೂರು
27 ಏಪ್ರಿಲ್ 2025

ಅಜ್ಜಿ,

ಎಷ್ಟು ಸಲ ಬರೆಯಲು ಕೂತೆನೋ. ನಿನ್ನ ಕಾಗದವನ್ನು ಜೀವಿತಾ ಮೇಡಂಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನಿಮ್ಮಜ್ಜಿ ನಮ್ಮ ಪುಸ್ತಕಗಳಿಗಿಂತ ಮುಂಚೆ ಇದ್ದವರು. ಆಗ ಇದಕ್ಕೆ ಹೆಸರೇ ಇರಲಿಲ್ಲ" ಅಂದರು. ಒಂದು ದಿನ ನಿನ್ನ ಮೂಳೆಯನ್ನೂ ಪರೀಕ್ಷೆ ಮಾಡಿಸಬೇಕಂತೆ. ಬೈಯಬೇಡ.

ಬಸವರಾಜಪ್ಪ ಸರ್ ಮೊದಲು ಸಿಟ್ಟಾದರು. ಆಮೇಲೆ ಒಂದು ದಿನ ಊಟದ ಹೊತ್ತಿಗೆ ಬಂದು ನನ್ನ ತಟ್ಟೆಗೆ ತಾವೇ ಇನ್ನೊಂದು ಮುದ್ದೆ ಇಟ್ಟರು. "ನಮಗೆ ಹೇಳಿಕೊಟ್ಟವರೂ ಗಂಡಸ್ರು, ಹೇಳಿಸಿಕೊಂಡವರೂ ಗಂಡಸ್ರು ಕಣಮ್ಮ" ಅಂದರು. ತೂಕದ ಯಂತ್ರ ಈಗ ಮೇಡಂ ರೂಮಿನಲ್ಲಿದೆ.

ಈಜುಕೊಳದಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೀರಿನಲ್ಲೇ ಓಡುತ್ತೇನೆ. ಎಮ್ಮೆ ಕೆರೆಗಿಳಿದ ಹಾಗೆ ಕಾಣುತ್ತೇನಂತೆ. ಮೂರು ಕೆಜಿ ಹೆಚ್ಚಾಗಿದ್ದೇನೆ.

ಇನ್ನೊಂದು. ನಿನ್ನೆ ಆಯಿತು ಅಜ್ಜಿ. ಎಂಟು ತಿಂಗಳ ಮೇಲೆ. ಹೊಟ್ಟೆನೋವು ಎಷ್ಟಿತ್ತೋ ಅಷ್ಟೇ ಖುಷಿಯೂ ಇತ್ತು. ಪಟ್ಟಿಯಲ್ಲಿ ನಿಜವಾದ ತಾರೀಕು ತುಂಬಿದೆ.

ವನಜಾಕ್ಷಿ


ಶೆಟ್ಟಿಕೆರೆ
14 ಜುಲೈ 2025

ವನಜಾ,

ನಿನ್ನೆ ಅಟ್ಟದ ಪಂಚಾಯಿತಿ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೊಬ್ಬರಿ ಕೊಳ್ಳಲು ಸಾಹುಕಾರ್ ತೋಂಟದಾರ್ಯ ಬಂದು ಜಗಲಿಯ ಮೇಲೆ ಕೂತರು. ನಿಮ್ಮಪ್ಪ ಸುಲಿಯುವವರಿಗೂ ಹೇಳಿದ್ದ. "ಹನ್ನೊಂದು ತಿಂಗ್ಳಾಯ್ತು ಕಣವ್ವ, ಇವತ್ತು ಎಲ್ಲಾ ಇಳಿಸ್ತೀನಿ. ನಾಳೆ ಬೆಂಗಳೂರಿಗೆ ಹೋಗಿ ಅವಳನ್ನೂ ಕರ್ಕೊಂಡು ಬತ್ತೀನಿ. ಮಾತು ಕೊಟ್ಟೋಳು ನೀನೇ" ಅಂದ.

ನಾನು ನಿಮ್ಮಮ್ಮನನ್ನು ಕರೆದೆ. "ಶಾಂತಕುಮಾರಿ, ಏಣಿ ಹತ್ತು" ಅಂದೆ. ಅವಳು ಗರ ಬಡಿದವಳ ಹಾಗೆ ನಿಂತಳು.

"ಅತ್ತೆ, ನಾನಾ?"

"ಇನ್ಯಾರೇ? ಸೆರಗು ಸಿಕ್ಕಿಸ್ಕೊಂಡು ಹತ್ತೇ ಅಂದ್ರೆ!"

ಹತ್ತಿದಳು. ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸು ಅಂದೆ. ಒಳಗೆ ಉಂಡೆ ಬಿಟ್ಟುಕೊಂಡು ಗಡಗಡ ಅಂದರೆ ಈ ಕಡೆ, ಮಿಕ್ಕದ್ದು ಆ ಕಡೆ. ಮಧ್ಯಾಹ್ನದವರೆಗೆ ನೋಡಿದಳು. ನಡುವಿನ ರಾಶಿಯೆಲ್ಲ ಸದ್ದು ಮಾಡಿತು. ಹಿಂದಿನ ಗೋಡೆ ಪಕ್ಕದ ಕಾಯಿಗೆ ಬಿಸಿಲು ತಾಗುವುದಿಲ್ಲ, ಅವು ಇನ್ನೂ ಮೂಕ.

"ಅವನ್ನೂ ಇಳಿಸೇ, ಹನ್ನೊಂದು ತಿಂಗ್ಳಾಗಿದೆ" ಅಂತ ನಿಮ್ಮಪ್ಪ ಕೂಗಿದ.

"ಲೋ ಸೀನ, ಕ್ಯಾಲೆಂಡರ್ ನೋಡಿ ಕಾಯಿ ಒಡೀತೀಯೇನ್ಲಾ?" ಅಂದೆ.

ತೋಂಟದಾರ್ಯರು ನಕ್ಕರು. "ಅಜ್ಜಿ ಹೇಳೋದು ಸರಿ ಕಣಪ್ಪ. ಹಸಿ ಕಾಯಿ ಒಡೆದ್ರೆ ಕೌಟು ವಾಸನೆ ಬರ್ತದೆ, ನಾನು ಮುಟ್ಟಲ್ಲ. ಸದ್ದು ಬರೋವರ್ಗೂ ಕಾಯಬೇಕು, ಅಷ್ಟೇ."

"ಕೇಳಿದ್ಯಾ? ಕಾಯಿಗೆ ಕಾಯ್ತೀಯ, ಮಗಳಿಗೆ ಕಾಯಲ್ವಾ? ತಾರೀಕು ಕೊಟ್ಟ ಮುಠ್ಠಾಳಿ ನಾನು. ಆ ತಾರೀಕಿಗೆ ಹೆದರಿ ಮಗು ಮುರಿದ ಕಾಲಲ್ಲಿ ಓಡ್ತು. ನನ್ನ ಮಾತು ನಾನೇ ವಾಪಸ್ ತಗೊಂಡೆ" ಅಂದೆ.

ಆಮೇಲೆ ನನ್ನ ಕಾಲಿನ ಕಥೆಯನ್ನೂ ಹೇಳಿದೆ. ಸಾಹುಕಾರರ ಮುಂದೆಯೇ, ಸುಲಿಯುವವರ ಮುಂದೆಯೇ. ನಿಮ್ಮಪ್ಪ ಬಾಯಿ ಬಿಟ್ಟುಕೊಂಡು ಕೂತ.

"ಇಷ್ಟ್ ವರ್ಷ ಸುಳ್ಳು ಹೇಳ್ದೇನವ್ವ?"

"ಹೂಂ ಕಣ್ಲಾ. ನಿಜ ಹೇಳಿದ್ರೆ ನಿಮ್ಮಲ್ಲಿ ಯಾವನು ನಂಬ್ತಿದ್ದ?"

ಅವನು ಎದ್ದು ತೋಟದ ಕಡೆ ಹೋದ. ಸಂಜೆ ಬಂದವನು ಊಟಕ್ಕೆ ಕೂರುವಾಗ, "ಅವ್ವ, ನೀನೂ ಶಾಂತನೂ ಕೂತ್ಕೊಳಿ, ಒಟ್ಟಿಗೇ ಉಣ್ಣನ" ಅಂದ. ನಿಮ್ಮಮ್ಮ ಇನ್ನೂ ಅಟ್ಟದ ಧೂಳಿನಲ್ಲೇ ಇದ್ದಳು, ತಲೆಗೆಲ್ಲ ಜೇಡರ ಬಲೆ. ಹಾಗೇ ಕೂತಳು. ಬೆಂಗಳೂರಿಗೆ ಯಾರೂ ಬರುವುದಿಲ್ಲ. ನೀನು ಅಲ್ಲೇ ಇರು.

ಮೂಕ ಕಾಯಿ ಒಂದನ್ನು ಮಟ್ಟೆಸಮೇತ ಮೇಷ್ಟ್ರ ಕೈಲಿ ಕಳಿಸಿದ್ದೇನೆ. ಮಂಚದ ಕೆಳಗಿಡು. ಆಗಾಗ ಅಲ್ಲಾಡಿಸಿ ನೋಡು. ಹುರಿಹಿಟ್ಟೂ ಇದೆ. ಈ ಸಲ ಹಂಚಿದರೆ ನನಗೆ ಗೊತ್ತಾಗುತ್ತದೆ, ಡಾಕ್ಟರಮ್ಮ ನನ್ನ ಕಡೆ.

ಹುಚ್ಚಕ್ಕ


ಬೆಂಗಳೂರು
23 ನವೆಂಬರ್ 2025

ಅಜ್ಜಿ,

ನಿನ್ನೆ ಕೂಟದಲ್ಲಿ ಓಡಿದೆ. ನಾಲ್ಕು ಮೂವತ್ತಾರು. ನಾಲ್ಕನೆಯವಳು. ಪದಕ ಮೂವರಿಗೇ. ಹೋದ ವರ್ಷಕ್ಕಿಂತ ಎರಡು ಸೆಕೆಂಡು ನಿಧಾನ. ಆದರೆ ಕೊನೆಯ ಇನ್ನೂರು ಮೀಟರಿನಲ್ಲಿ ಇಬ್ಬರನ್ನು ಹಿಂದೆ ಹಾಕಿದೆ, ಕಾಲು ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಮೇಡಂ ಕೇಳಿದ್ದು ಟೈಮನ್ನಲ್ಲ. "ಹಸಿವಾಗ್ತಿದೆಯಾ?" ಅಂದರು. ಆಗುತ್ತಿತ್ತು!

ಸೀನಿಯರ್ ಅಕ್ಕನೂ ಈಗ ಪಟ್ಟಿಯಲ್ಲಿ ನಿಜ ಬರೆಯುತ್ತಾಳೆ. ನಿನ್ನ ಕಾಲಿನ ಕಥೆ ಅವಳಿಗೆ ಹೇಳಿದವಳು ನಾನೇ. ಮಾರ್ಚಿಗೆ ಇನ್ನೊಂದು ಕೂಟ ಇದೆ.

ಇವತ್ತು ಬೆಳಿಗ್ಗೆ ಕಸ ಗುಡಿಸುವಾಗ ಮಂಚದ ಕೆಳಗಿನ ಕಾಯಿಗೆ ಪೊರಕೆ ತಾಗಿ ಉರುಳಿತು. ಒಳಗೆ ಸದ್ದು! ನಾಲ್ವರೂ ಸರದಿಯಲ್ಲಿ ಕಿವಿಗೆ ಹಿಡಿದು ಕೇಳಿದೆವು. ಒಡೆದಿಲ್ಲ. ಸಂಕ್ರಾಂತಿಗೆ ತರುತ್ತೇನೆ, ನೀನೇ ಸುಲಿಯಬೇಕು. ಮೂರು ತಿರುವಿಗೆ. ನಾನು ಎಣಿಸುತ್ತೇನೆ.

ವನಜಾಕ್ಷಿ


ಶೆಟ್ಟಿಕೆರೆ
1 ಡಿಸೆಂಬರ್ 2025

ವನಜಾ,

ನಾಲ್ಕನೆಯವಳಾದರೆ ಏನು, ನೀನು ಮೈದಾನಕ್ಕೆ ಹೋದೆ. ನಿನ್ನ ಹೆಸರು ಕರೆದಾಗ ನೀನು ಅಲ್ಲಿದ್ದೆ. ನನಗೆ ಅಷ್ಟು ಸಾಕು. ಮಾರ್ಚಿನದು ಮಾರ್ಚಿಗೆ.

ಡಾಕ್ಟರಮ್ಮ ಹೇಳಿದ ಪರೀಕ್ಷೆಗೆ ಮೊನ್ನೆ ನಿಮ್ಮಪ್ಪನ ಜೊತೆ ತಿಪಟೂರಿಗೆ ಹೋಗಿ ಬಂದೆ. ಮೂಳೆ ಸವೆದಿದೆಯಂತೆ, ಮಾತ್ರೆ ಕೊಟ್ಟಿದ್ದಾರೆ. ನುಂಗುತ್ತೇನೆ. ಹಳೆಯ ಮುರಿತ ಸೊಟ್ಟಗೆ ಕೂಡಿಕೊಂಡಿರುವುದು ಫೋಟೋದಲ್ಲಿ ಕಾಣಿಸಿತು. "ಎಲ್ಲಿಂದ ಬಿದ್ದಿದ್ರಿ ಅಜ್ಜಿ?" ಅಂತ ಅಲ್ಲಿನ ಹುಡುಗಿ ಕೇಳಿದಳು. "ಎಲ್ಲಿಂದಲೂ ಇಲ್ಲ" ಅಂದೆ. ನಿಮ್ಮಪ್ಪ ನೆಲ ನೋಡುತ್ತಿದ್ದ.

ಹಿಂದಿನ ಗೋಡೆಯ ಕಾಯಿಗಳೂ ಹೋದ ವಾರ ಸದ್ದು ಮಾಡಿದವು. ನಿಮ್ಮಮ್ಮ ಈಗ ಅಟ್ಟಕ್ಕೆ ನನ್ನನ್ನು ಕೇಳದೆಯೇ ಹತ್ತುತ್ತಾಳೆ, ಸೊಕ್ಕು ಬಂದಿದೆ. ಇವತ್ತು ಬೆಳಿಗ್ಗೆ ಅವಳು ಮೇಲಿದ್ದಾಗ ನಾನೂ ಏಣಿ ಹಿಡಿದೆ. "ಅತ್ತೆ, ಬೇಡ, ಬೀಳ್ತೀರ!" ಅಂತ ಕಿರುಚಿದಳು. ಸುಮ್ಮನಿರೇ ಅಂದೆ. ಮೂರು ಮೆಟ್ಟಿಲು ಹತ್ತಿದೆ. ಅಟ್ಟದ ಅಂಚಿಗೆ ತಲೆ ಮುಟ್ಟಿತು. ಕೊಬ್ಬರಿಯ ವಾಸನೆ ಮುಖಕ್ಕೆ ಬಡಿಯಿತು, ಮೂವತ್ತೆಂಟು ವರ್ಷದ ಮೇಲೆ. ಸ್ವಲ್ಪ ಹೊತ್ತು ಅಲ್ಲೇ ನಿಂತು, ಮೆಲ್ಲಗೆ ಇಳಿದೆ.

ಬೀಳಲಿಲ್ಲ. ಆ ಏಣಿಯಿಂದ ನಾನು ಯಾವತ್ತೂ ಬಿದ್ದವಳೇ ಅಲ್ಲ.

ನಿನ್ನಜ್ಜಿ
ಹುಚ್ಚಕ್ಕ